ತಿಮ್ಮನ ಕೈಯಲ್ಲಿ ಬರೆಸಿದ್ದು

ಹತ್ತೊಂಬತ್ತು ವರ್ಷದ ಮೇಲೆ ತಿಮ್ಮ ಗುಲ್ವಾಡಿಯಲ್ಲಿರುವ ತಂಗಿ ಅಕ್ಕುವಿನ ಮನೆಗೆ ಬಂದ. ತಂಗಿ ಸಾಯುತ್ತಿದ್ದಾಳೆ ಎಂಬ ಸಂಕಟಕ್ಕೆ ಬಂದವನಲ್ಲ. ಅವಳು ಸಾಯುವುದರೊಳಗೆ ತನ್ನ ಕೆಲಸ ಮಾಡಿಸಿಕೊಳ್ಳಬೇಕೆಂದು ಬಂದವನು. ಅವನು ಅಂಗಳದಲ್ಲಿ ಅವಸರದಿಂದ ಚಪ್ಪಲಿ ಬಿಟ್ಟದ್ದು ಕಂಡೇ ಅಕ್ಕುವಿಗೆ ಅದು ಗೊತ್ತಾಯಿತು.

ಅವಳು ಜಗಲಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬೆನ್ನಿಗೆ ದಿಂಬು ಕೊಟ್ಟು ಕೂತಿದ್ದಳು. ಲಿವರಿನ ಗಡ್ಡೆ ಬೆಳೆದು ಹೊಟ್ಟೆಯಲ್ಲಿ ನೀರು ತುಂಬಿತ್ತು. ಇನ್ನು ಎರಡು ತಿಂಗಳು ಎಂದು ಡಾಕ್ಟರು ಮಗಳು ವಿನಯಾಳನ್ನು ಹೊರಗೆ ಕರೆದು ಹೇಳಿದ್ದನ್ನು ಅಕ್ಕು ಒಳಗಿಂದಲೇ ಕೇಳಿಸಿಕೊಂಡಿದ್ದಳು. ಮನೆ ಮನೆ ತಿರುಗಿ ಮೀನು ಮಾರಿದವಳ ಕಿವಿ ಅದು.

"ಹ್ವಾಯ್, ಯಾರದ್? ದಾರಿ ತಪ್ಪಿ ಬಂದದ್ದಾ?"

"ನಾನೇ ಅಕ್ಕು. ಹ್ಯಾಂಗಿದ್ದೆ?"

"ಕಾಂತಿಲ್ಯಾ? ಒಂಬತ್ ತಿಂಗ್ಳ್ ಬಸ್ರಿ ಕಂಡಾಂಗ್ ಇದ್ದೆ. ಬಯಕೆ ಊಟ ತಂದ್ಯಾ?"

ತಿಮ್ಮ ನಗಲಿಲ್ಲ. ಕೈಚೀಲದಿಂದ ಒಂದು ಬಾಟಲಿ ನೀರು ತೆಗೆದು ಜಗಲಿಯ ಅಂಚಿಗೆ ಇಟ್ಟ. ಉಪ್ಪುಂದದ ತನ್ನ ಮನೆಯ ಬಾವಿಯ ನೀರು.

"ಮಗ್ಳ್ ರಮ್ಯಶ್ರೀಗೆ ಮೂರ್ನೇ ಸಂಬಂಧವೂ ತಪ್ಪಿತ್. ಕೊಕ್ಕರ್ಣೆ ಗಂಡ್. ಎಲ್ಲಾ ಒಪ್ಪಿ ಕಡೆಗೆ ಬ್ಯಾಡ ಅಂದ್ರ್. ಜೋಯ್ಸರ ಹತ್ರ ಪ್ರಶ್ನೆ ಇಡ್ಸಿದೆ. ಒಡಹುಟ್ಟಿದವ್ರ ಆಣೆ ಇತ್ತ್ ಅಂದ್ರ್. ನೀ ಬದ್ಕಿಪ್ಪತಿಗೇ ಬಿಡಿಸ್ಕಣ್ಕ್ ಅಂಬ್ರ್."

ಆ ಕಡೆ ನಡೆದು ಬಂದ ಕ್ರಮವೇ ಅದು. ದೈವದ ಮುಂದೆ ನಿಂತು "ನಿನ್ನ ಮನೆಯ ನೀರು ಮುಟ್ಟೆ" ಎಂದು ಆಣೆ ಹಾಕಿದವರು ಸಾಯುವ ಮೊದಲು ಆ ಮನೆಯ ನೀರು ಕುಡಿದು "ಬಿಟ್ಟೆ" ಎನ್ನಬೇಕು. ಅನ್ನದೆ ಸತ್ತರೆ ಆಣೆ ಆ ಮನೆಯ ಮಕ್ಕಳ ತಲೆಗೆ ಬರುತ್ತದೆ ಎಂಬ ನಂಬಿಕೆ. ಅದಕ್ಕೇ ಎಂಥ ಹಗೆಯಿದ್ದರೂ ಒಬ್ಬರು ಹಾಸಿಗೆ ಹಿಡಿದರೆ ಇನ್ನೊಬ್ಬರು ನೀರು ಹಿಡಿದುಕೊಂಡು ಓಡಿ ಬರುತ್ತಾರೆ.

ಅಕ್ಕು ಆಣೆ ಹಾಕಿದ್ದು ಸುಮ್ಮನೆ ಅಲ್ಲ. ಅವಳ ಗಂಡ ಗುಡ್ಡ, ತಿಮ್ಮನ ದೋಣಿಯಲ್ಲೇ ದುಡಿಯುತ್ತಿದ್ದ. ಒಂದು ಬೆಳಿಗ್ಗೆ ದೋಣಿ ತುಂಬ ಬಂಗುಡೆ ಮೀನು ಬಂತು, ಗುಡ್ಡ ಬರಲಿಲ್ಲ. ಕುಡಿದು ಬಿದ್ದ ಎಂದ ತಿಮ್ಮ. ಅಕ್ಕು ನಂಬಿದಳು, ಸತ್ತ ಗಂಡನಿಗೆ ಬಾಯಿಗೆ ಬಂದಂತೆ ಬೈದಳು, ನಾಲ್ಕು ವರ್ಷದ ವಿನಯಾಳನ್ನು ಕಟ್ಟಿಕೊಂಡು ಸಿದ್ದಾಪುರದ ಬಸ್ಸಿಗೆ ಮೀನು ಬುಟ್ಟಿ ಹೇರಿದಳು. ಓದಿದ್ದು ಊರ ಶಾಲೆಯ ಏಳನೇ ಕ್ಲಾಸು. ಆದರೂ ಮಧ್ಯಾಹ್ನ ಖಾಲಿ ಬುಟ್ಟಿಯೊಂದಿಗೆ ಹಿಂದಿನ ಸೀಟಿನಲ್ಲಿ ಕೂತು ತನ್ನ ಬದುಕನ್ನು ಬರೆದು ನೋಟುಪುಸ್ತಕ ತುಂಬಿಸಿದಳು. ಕುಂದಾಪುರದ ಪ್ರಕಾಶಕ ಸುಧೀರ್ ಅದನ್ನು ಅಚ್ಚು ಹಾಕಿದ. ಬಹುಮಾನ ಬಂತು, ಹಾರ ಬಂತು, ಕಾಲೇಜಿಗೆ ಪಠ್ಯವಾಯಿತು. ಆ ಪುಸ್ತಕದಲ್ಲಿ ಅವಳೇ ಬರೆದಿದ್ದಳು: "ನನ್ನ ಗಂಡ ಕುಡಿದು ಸಮುದ್ರಕ್ಕೆ ಬಿದ್ದು ಸತ್ತ."

ಪುಸ್ತಕ ಬಂದ ಮರುವರ್ಷ ಅದೇ ದೋಣಿಯಲ್ಲಿದ್ದ ಅಪ್ಪಿ ಮನೆಗೆ ಬಂದು ಅತ್ತ. ಗುಡ್ಡ ಅವತ್ತು ಒಂದು ತೊಟ್ಟೂ ಕುಡಿದಿರಲಿಲ್ಲ. ಬಲೆಯ ಹಗ್ಗ ಕಾಲಿಗೆ ಸಿಕ್ಕಿ ನೀರಿಗೆ ಬಿದ್ದಿದ್ದ. ಹಗ್ಗ ಕಡಿದಿದ್ದರೆ ಬದುಕುತ್ತಿದ್ದ. ಮೀನು ಹೋಗುತ್ತದೆಂದು ತಿಮ್ಮ ಕಡಿಯಲು ಬಿಡಲಿಲ್ಲ. ಇಷ್ಟು ಹೇಳಿ ಅಪ್ಪಿ ಗೋವಾದ ದೋಣಿಗೆ ಹೋದವನು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಅಕ್ಕು ದೈವದ ಮುಂದೆ ನಿಂತು ಆಣೆ ಹಾಕಿದ್ದು ಆಗಲೇ. ಸಾಕ್ಷಿ ಇಲ್ಲದೆ ಅಚ್ಚು ಹಾಕಿದರೆ ಕೇಸಾಗುತ್ತದೆ ಎಂದ ಸುಧೀರ್. ಮತ್ತೆ ಮೂರು ಪುಸ್ತಕ ಬಂದವು, ಒಂದರಲ್ಲೂ ಅದು ಬರಲಿಲ್ಲ. ಮೊದಲನೆಯದು ಮಾತ್ರ ಹನ್ನೊಂದು ಸಲ ಅಚ್ಚಾಯಿತು. ಡಿಗ್ರಿ ಪರೀಕ್ಷೆಯಲ್ಲಿ "ಲೇಖಕಿಯ ಗಂಡ ಹೇಗೆ ಸತ್ತ?" ಎಂದು ಕೇಳಿದ್ದರು. ಕುಡಿದು ಸತ್ತ ಎಂದು ಬರೆದು ವಿನಯಾ ಎರಡು ಅಂಕ ತೆಗೆದುಕೊಂಡು ಬಂದಳು. ಅವತ್ತು ತಾಯಿ ಮಗಳು ಇಬ್ಬರೂ ಉಣ್ಣಲಿಲ್ಲ.

"ಬಿಡ್ತೆ," ಎಂದಳು ಅಕ್ಕು. "ಮೊದ್ಲ್ ಬರಿ."

"ಎಂತ ಬರೂದ್?"

"ಆ ಬೆಳಿಗ್ಗೆ ನಡೆದದ್ದ್. ನಿನ್ ಕೈಯಲ್ಲೇ. ಅಡಿಗೆ ರುಜು ಹಾಕ್."

"ನೀ ಅದನ್ ಪುಸ್ತಕಕ್ಕೆ ಹಾಕ್ತೆ!"

"ಹಾಕುಕೇ ಬರ್ಸೂದ್. ಮುಂದಿನ್ ವಾರ ಅಚ್ಚಿಗೆ ಹೋತ್ತ್."

"ಊರಲ್ಲ್ ತಲೆ ಎತ್ತುಕಾತ್ತಿಲ್ಲೆ ನಂಗೆ. ಮೀನುಗಾರರ ಸಂಘದ ಅಧ್ಯಕ್ಷ ನಾನ್."

"ಹಾಂಗಾರೆ ಬಾಟ್ಲಿ ತಕಂಡ್ ಹೋಗ್. ಮಗ್ಳಿಗೆ ನಾಲ್ಕ್ನೇ ಗಂಡ್ ಹುಡ್ಕ್."

ವಿನಯಾ ಒಳಗಿಂದ ಬಂದು ಕಿವಿಯಲ್ಲಿ ಹೇಳಿದಳು, "ಅಮ್ಮ, ಬ್ಯಾಡ. ರಮ್ಯ ಎಂತ ಮಾಡಿದ್ಲ್?"

"ಅಪ್ಪ ಇಲ್ದೆ ಬೆಳೂಕೆ ನೀ ಎಂತ ಮಾಡಿದ್ದೆ?"

ನಿಜ ಹೇಳಬೇಕೆಂದರೆ ಆಣೆಯ ಮೇಲೆ ಅಕ್ಕುವಿಗೆ ನಂಬಿಕೆ ಉಳಿದಿರಲಿಲ್ಲ. ಆಣೆ ಹಾಕಿದ ಮೇಲೆ ತಿಮ್ಮನ ಒಂದು ದೋಣಿ ಮೂರಾಗಿತ್ತು. ರಮ್ಯಶ್ರೀಯೂ ಪಾಪದ ಹುಡುಗಿ. ಬೈಂದೂರಿನ ಒಂದು ಸಭೆಯಲ್ಲಿ ಅಪ್ಪನಿಗೆ ಗೊತ್ತಾಗದಂತೆ ಬಂದು ಪುಸ್ತಕಕ್ಕೆ ರುಜು ಹಾಕಿಸಿಕೊಂಡು "ಅತ್ತೆ" ಎಂದಿದ್ದಳು. ಅದು ನೆನಪಾಗಿ ಅಕ್ಕುವಿನ ಎದೆ ಚುರ್ ಎಂದಿತು. ಎನ್ನಲಿ ಎಂದು ಬಿಟ್ಟಳು. ಕೈಯಲ್ಲಿದ್ದದ್ದು ಅದೊಂದೇ ಕತ್ತಿ. ಯಾರಿಗೆ ತಾಗೀತು ಎಂದು ನೋಡುತ್ತ ಕೂರುವಷ್ಟು ಆಯುಸ್ಸು ಇರಲಿಲ್ಲ.

ತಿಮ್ಮ ಎರಡು ಸಲ ಅಂಗಳಕ್ಕೆ ಇಳಿದ, ಎರಡು ಸಲ ಹತ್ತಿದ. ಕೊನೆಗೆ ಅಕ್ಕು ಚಾಚಿದ ಕಾಗದ ಪೆನ್ನು ಎಳೆದುಕೊಂಡ. "ಗುಡ್ಡ ಕಾಲು ಜಾರಿ ಬಿದ್ದ" ಎಂದು ಬರೆದು ಕೊಟ್ಟ. ಅಕ್ಕು ಓದಿ ಹರಿದು ಅವನ ಮುಖಕ್ಕೇ ಎಸೆದಳು. ಎರಡನೇ ಸಲ ಹಗ್ಗ ಬಂತು, ಬಂಗುಡೆ ಬಂತು.

"ಎಷ್ಟ್ ಸಲ ಕರ್ದ ಅವ್?"

"ಅದೆಲ್ಲ ನೆಂಪಿಲ್ಲೆ."

"ಅಪ್ಪಿಗೆ ನೆಂಪಿತ್ತ್."

ತಿಮ್ಮನ ಬೆವರು ಕಾಗದಕ್ಕೆ ಬಿತ್ತು. "ಮೂರ್ ಸಲ."

"ಎಂತ ಅಂತ ಕರ್ದ?"

"ಬಾವಾ ಅಂತ."

"ಬರಿ."

ಬರೆದ. ಹಗ್ಗ ಕಡಿಯಲು ಹೋದ ಅಪ್ಪಿಯ ಕೈ ತಾನೇ ಹಿಡಿದದ್ದನ್ನೂ, ಕುಡಿದಿದ್ದ ಎಂದು ತಾನೇ ಸುಳ್ಳು ಹುಟ್ಟಿಸಿದ್ದನ್ನೂ ಬರೆದ. ರುಜು ಹಾಕಿದ. ಅಕ್ಕು ಮಗಳಿಗೆ ಕಣ್ಣಲ್ಲೇ ಸನ್ನೆ ಮಾಡಿದಳು. ವಿನಯಾ ಮೊಬೈಲಿನಲ್ಲಿ ಫೋಟೋ ತೆಗೆದು ಸುಧೀರನಿಗೆ ಕಳಿಸಿದಳು. ಆಮೇಲೆ ಅಕ್ಕು ಬೊಗಸೆ ಒಡ್ಡಿದಳು. ತಿಮ್ಮ ಸುರಿದ ನೀರನ್ನು ಒಂದೇ ಗುಟುಕಿಗೆ ಕುಡಿದಳು.

"ರಮ್ಯಶ್ರೀ ಮೇಲಿದ್ದದ್ ಬಿಟ್ಟೆ."

"ನನ್ ಮೇಲಿದ್ದದ್?"

"ಅದನ್ ಓದಿದವ್ರ್ ಬಿಟ್ರೆ ಬಿಡ್ಲಿ. ನಾ ಬಿಡೂದಿಲ್ಲೆ."

"ಅವ್ಳ್ ಮದ್ವಿ ಆಪಲ್ಲಿವರೆಗಾರೂ ತಡಿ, ಹೆಣೆ. ಕಾಲ್ ಹಿಡಿತೆ."

"ಈ ಹೊಟ್ಟಿ ಗಡ್ಡಿ ಹತ್ರ ಕೇಣ್. ಅದ್ ತಡದ್ರೆ ನಾನೂ ತಡಿತೆ."

ತಿಮ್ಮ ಎದ್ದ. ಅಕ್ಕು ಬಿಡಲಿಲ್ಲ.

"ಕೂಕೋ. ಅಚ್ಚಿಗೆ ಕೊಡೂಕ್ ಮೊದ್ಲ್ ಗಟ್ಟಿಯಾಗಿ ಒಂದ್ಸಲ ಓದೂದ್ ನನ್ ಕ್ರಮ. ತಪ್ಪಿದ್ರೆ ಹೇಳ್."

ಓದತೊಡಗಿದಳು. ರೋಗ ಮೈಯೆಲ್ಲ ತಿಂದಿದ್ದರೂ ಗಂಟಲು ಉಳಿದಿತ್ತು. ಹೊಳೆಬದಿಯಲ್ಲಿ ಬಟ್ಟೆ ಒಗೆಯುತ್ತಿದ್ದ ಇಬ್ಬರು ಕೈ ನಿಲ್ಲಿಸಿದರು. "ಬಾವಾ" ಎಂಬಲ್ಲಿಗೆ ಬಂದಾಗ ಅಕ್ಕು ದನಿ ಇನ್ನೂ ಏರಿಸಿದಳು. ತಿಮ್ಮ ಎರಡು ಕೈಯಲ್ಲಿ ತಲೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತಿದ್ದ. ಓದಿ ಮುಗಿಯುವ ಹೊತ್ತಿಗೆ ಪಕ್ಕದ ಮನೆಯ ರತ್ನ ಸೆರಗಿಗೆ ಕೈ ಒರೆಸುತ್ತ ಬೇಲಿಯ ಹತ್ತಿರ ಬಂದಳು.

"ಎಂತದ್ ಅಕ್ಕು ಓದೂದ್? ನಂಗೆ ಸಮಾ ಕೇಳ್ಳಿಲ್ಲೆ."

"ನಮ್ಮಣ್ಣ ಬರ್ದದ್," ಎಂದಳು ಅಕ್ಕು. "ಒಳ್ಗ್ ಬಾ ರತ್ನ, ಕೂಕೋ. ಸುರುವಿಂದ ಓದ್ತೆ."