ಕಾವಲುಗಾರನ ಮನೆಗೆ ಯಾರು ಹೇಳಿದರು?

ತಮ್ಮ ಹೋದ ಸುದ್ದಿ ಬಂದಾಗ ಟೈಲರಮ್ಮ ಒಂದು ಪತ್ತೇದಾರಿ ಕಾದಂಬರಿಯ ಮೂರನೆಯ ಕೊಲೆಯ ಹತ್ತಿರ ಇದ್ದರು. ಫೋನ್ ಮಾಡಿದವಳು ತಮ್ಮನ ಮಗಳು. "ಅತ್ತೆ, ಅಪ್ಪ ಬೆಳಿಗ್ಗೆ ಏಳ್ಲೇ ಇಲ್ಲ" ಎಂದಳು. ಓದುತ್ತಿದ್ದ ಸಾಲಿನ ಮೇಲೆ ಬೆರಳಿಟ್ಟುಕೊಂಡೇ ಕೇಳಿದರು. "ಹೌದಾ ಮಗಳೇ, ಬರ್ತೀನಿ" ಎಂದು ಫೋನ್ ಕೆಳಗಿಟ್ಟರು. ಆಮೇಲೆ ಆ ಅಧ್ಯಾಯವನ್ನು ಕೊನೆಯವರೆಗೂ ಓದಿದರು. ಮೂರನೆಯ ಹೆಣ ಯಾರದೆಂದು ಗೊತ್ತಾಯಿತು. ಬಟ್ಟೆ ಬದಲಾಯಿಸಿ, ಚಪ್ಪಲಿ ಮೆಟ್ಟಿ ಹೊರಟರು.

ಅಂದಿನಿಂದ ಕಣ್ಣಲ್ಲಿ ಒಂದು ಹನಿಯೂ ಬಂದಿರಲಿಲ್ಲ. ಅವರನ್ನು ಕಂಗೆಡಿಸಿದ್ದು ಅದಲ್ಲ. ದಿನಾ ಬೆಳಿಗ್ಗೆ ದೇವರ ಮುಂದೆ ಕೂತು, ಅಪ್ಪ, ಅಮ್ಮ, ಗಂಡ ಎಂದು ಹೋದವರನ್ನೆಲ್ಲ ನೆನೆದು ಅವರ ಶಾಂತಿಗೆ ಬೇಡಿಕೊಳ್ಳುವುದು ಜೀವಮಾನದ ರೂಢಿ. ಆ ಸಾಲಿಗೆ ತಮ್ಮನನ್ನು ಸೇರಿಸಲು ಆಗುತ್ತಿರಲಿಲ್ಲ. ದಾರ ಮುಗಿದ ಮೇಲೂ ಓಡುವ ಮೆಷಿನ್ನಿನ ಹಾಗೆ ತುಟಿ ಆಡುತ್ತಿತ್ತು, ಹೊಲಿಗೆ ಬೀಳುತ್ತಿರಲಿಲ್ಲ. ತಾನು ಕೇಳದಿದ್ದರೆ ಅವನಿಗೆ ಶಾಂತಿ ಸಿಗದೆ ಹೋದೀತೇ ಎಂಬ ಅಂಜಿಕೆ ಮಾತ್ರ ಒಳಗೆ ಕೂತಿತ್ತು.

ಗಡಿಯಾರ ರಿಪೇರಿ ಮಾಡುತ್ತಿದ್ದ ಆ ತಮ್ಮ, ತಲೆ ಪೂರ್ತಿ ನೆರೆತ ಮೇಲೂ ಅಕ್ಕನಿಗೆ ಪುಟ್ಟನೇ. ಒಂದೇ ಪುಸ್ತಕವನ್ನು ಇಬ್ಬರೂ ಓದುತ್ತಿದ್ದರು. ಅವನು ಮೊದಲು ಮುಗಿಸಿ, ಅಕ್ಕ ಮೊದಲೇ ಇಣುಕದಿರಲೆಂದು ಕೊನೆಯ ಅಧ್ಯಾಯಕ್ಕೆ ಕ್ಲಿಪ್ ಹಾಕಿ ಕಳಿಸುತ್ತಿದ್ದ.

"ಕಳ್ಳಿ! ಕ್ಲಿಪ್ ತೆಗ್ದಿದ್ದೀಯ ಅಲ್ವೇನೇ ಅಕ್ಕಾ?"

"ನಾನ್ಯಾಕೋ ತೆಗೀಲಿ? ತಾನೇ ಜಾರಿಬಿತ್ತು."

"ಗಡಿಯಾರದೋನ ಹತ್ರ ಬುರುಡೆ ಬಿಡ್ಬೇಡ."

ಅತ್ತೆ ಮಂಕಾದದ್ದನ್ನು ನೋಡಲಾರದೆ ಮನೆಯಲ್ಲಿದ್ದ ಸೊಸೆ, ಮಗನ ಹೆಂಡತಿ, ಲೈಬ್ರರಿಯಿಂದ ಹೊಸ ಹೊಸ ಥ್ರಿಲ್ಲರುಗಳನ್ನು ತಂದುಹಾಕಿದಳು. ಟೈಲರಮ್ಮ ಒಂದೂ ಬಿಡದೆ ಓದಿದರು. ಯಾವುದೂ ಒಳಗಿಳಿಯಲಿಲ್ಲ. ಒಂದರಲ್ಲಿ ಕಥೆ ಹೇಳುವವಳೇ ಸುಳ್ಳುಗಾತಿ. "ಇನ್ನೂರು ಪುಟ ನನ್ನ ಕಿವಿಗೆ ಹೂವಿಟ್ಟು, ಕೊನೆಗೆ ನಾನೇ ಕೊಂದೆ ಅಂತಾಳೆ" ಎಂದು ಪಕ್ಕಕ್ಕೆ ಸರಿಸಿದರು. ಇನ್ನೊಂದರಲ್ಲಿ ಮೊದಲ ಪುಟದಲ್ಲೇ ಕೆರೆಯಲ್ಲಿ ಹುಡುಗಿಯ ಹೆಣ.

"ಈ ಮಗೂಗೆ ಅಮ್ಮ ಇಲ್ವೇನೇ?"

"ಅಯ್ಯೋ ಅತ್ತೆ, ಅವಳು ಆಗ್ಲೇ ಸತ್ತೋಗಿದ್ದಾಳೆ."

"ಅದಕ್ಕೇ ಕೇಳಿದ್ದು."

ಮೂರನೆಯದು ಬ್ಯಾಂಕ್ ದರೋಡೆಯದು. ಓಟವೇ ಓಟ, ಎಲ್ಲೂ ನಿಲ್ಲುವಂತಿಲ್ಲ. ಅದರಲ್ಲೊಬ್ಬ ಕಾವಲುಗಾರ. ಸ್ಟೂಲಿನ ಮೇಲೆ ಕೂತಲ್ಲೇ ತೂಕಡಿಸುತ್ತಿದ್ದವನನ್ನು ಬೀಗದ ಕೈಗಾಗಿ ಕೊಂದರು. ಎರಡೇ ಸಾಲು, ಮುಗಿಯಿತು. ಅವನ ಮನೆಗೆ ಯಾರಾದರೂ ಹೋಗಿ ಹೇಳುತ್ತಾರೆಂದು ಟೈಲರಮ್ಮ ಪುಟ ತಿರುಗಿಸಿದರು. ಕಾರುಗಳು ಗುದ್ದಿಕೊಂಡವು, ಗುಂಡು ಹಾರಿತು. ಕಳ್ಳರು ಸಿಕ್ಕಿಬಿದ್ದರು, ಇನ್ಸ್‌ಪೆಕ್ಟರನಿಗೆ ಪದಕವೂ ಬಂತು. ಕಾವಲುಗಾರನ ಮನೆಗೆ ಯಾರೂ ಹೋಗಲಿಲ್ಲ.

ಎಲ್ಲಾದರೂ ಕಣ್ತಪ್ಪಿತೇನೋ ಎಂದು ಮರುದಿನ ಬೆಳಿಗ್ಗೆ ಮತ್ತೆ ಹುಡುಕಿದರು.

"ಅದು ಕಥೆಗೆ ಬೇಕಾಗಿಲ್ಲ ಅತ್ತೆ, ಅದಕ್ಕೇ ಬರ್ದಿಲ್ಲ" ಎಂದಳು ಸೊಸೆ, ಕೆಲಸಕ್ಕೆ ಹೊರಟವಳು.

"ಅವನ ಹೆಂಡ್ತಿಗೆ ಬೇಕಾಗಿರುತ್ತಲ್ಲೇ."

"ಅವನಿಗೆ ಹೆಂಡ್ತಿ ಇದ್ಲು ಅಂತ ಎಲ್ಲಿದೆ?"

"ಬುತ್ತಿ ಡಬ್ಬಿ ಇತ್ತಂತಲ್ಲ, ಪಕ್ಕದಲ್ಲಿ. ಯಾರೋ ಕಟ್ಟಿಕೊಟ್ಟಿರ್ತಾರೆ."

ಸೊಸೆ ಚಪ್ಪಲಿ ಹಾಕಿಕೊಂಡಳು. ಅತ್ತೆಯ ಭುಜ ಮುಟ್ಟಿ ಹೋದಳು.

ಮನೆಯಲ್ಲಿ ಒಬ್ಬರೇ ಉಳಿದರು. ಪುಸ್ತಕ ಮುಚ್ಚಿಟ್ಟು, ದೇವರ ಮುಂದೆ ಹೋಗಿ ಕೂತರು. ಕಥೆಯಲ್ಲಲ್ಲದೆ ಎಲ್ಲೂ ಇಲ್ಲದವನಿಗಾಗಿ ಬೇಡುವುದು ಹುಚ್ಚುತನವೆನ್ನಿಸಿ ನಾಚಿಕೆಯಾಯಿತು. ಆದರೂ ಕೈ ಜೋಡಿಸಿದರು. ಅಳು ಬರಲಿಲ್ಲ, ಮಾತು ಬಂತು.

"ದೇವರೇ, ಆ ವಾಚ್‌ಮನ್‌ಗೋಸ್ಕರ ಕೇಳೋರು ಯಾರೂ ಇಲ್ಲ, ಅದಕ್ಕೆ ನಾನೇ ಕೇಳ್ತಿದ್ದೀನಿ. ಕೂತಲ್ಲೇ ನಿದ್ದೆ ಹೋಗಿದ್ದ, ಎಬ್ಬಿಸಿ ಬೈಬೇಡ. ನಮ್ಮ ಪುಟ್ಟನೂ ಹಾಗೇ, ನಿದ್ದೇಲೇ ನಿನ್ನ ಹತ್ರ ಬಂದ. ಅವನು ಬಂದ ದಿನ ನಂಗೆ ಏನೂ ಹೇಳೋಕೆ ಆಗ್ಲಿಲ್ಲ. ಈಗ ಹೇಳ್ತಿದ್ದೀನಿ, ಅವನು ನನ್ನ ತಮ್ಮ. ಅವನ ಆತ್ಮಕ್ಕೆ ಶಾಂತಿ ಕೊಡು ತಂದೆ."