ಮೊದಲ ಗುಂಡಿನ ಹಕ್ಕು

ಹಿಮದ ಮೇಲೆ ಬಿದ್ದಿದ್ದ ರಕ್ತ ಕಪ್ಪುಗೆಂಪಾಗಿತ್ತು. ಅದರಲ್ಲಿ ಅರೆದ ಸೊಪ್ಪಿನಂಥ ಹಸಿರು ಚೂರುಗಳು. ನಾನು ಕೈಗವಸು ತೆಗೆದು ಒಂದಿಷ್ಟನ್ನು ಬೆರಳಲ್ಲಿ ಎತ್ತಿ ಮೂಸಿದೆ. ಹುಳಿ ವಾಸನೆ.

"ಗುಂಡು ಹೊಟ್ಟೆಗೆ ಬಿದ್ದಿದೆ ರೇನೊ," ಎಂದೆ. "ಈಗಲೇ ಬೆನ್ನು ಹತ್ತಿದ್ರೆ ಜಿಂಕೆ ಓಡ್ತಾನೇ ಇರುತ್ತೆ. ಕಾಯೋಣ. ಮಧ್ಯಾಹ್ನದ ಹೊತ್ತಿಗೆ ಎಲ್ಲಾದ್ರೂ ಮಲಗಿರುತ್ತೆ."

"ಹೊಟ್ಟೆಗಾ? ನನ್ನ ಗುಂಡಾ?" ರೇನೊ ಲಾಹ್ತಿ ನಕ್ಕ. "ಕನ್ನಡಕ ಒರೆಸ್ಕೊಳ್ಳೋ ಆರ್ನೆ. ಭುಜದ ಹಿಂದಕ್ಕೇ ಇಟ್ಟಿದ್ದೀನಿ."

ಜಿಲ್ಲಾ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ನಿವೃತ್ತಿಯಾಗುವವರೆಗೂ ರಕ್ತ ನೋಡಿದವನು ನಾನು. ಶ್ವಾಸಕೋಶದಿಂದ ಬಂದದ್ದು ನೊರೆಗಟ್ಟಿ ಗುಲಾಬಿ ಬಣ್ಣಕ್ಕಿರುತ್ತದೆ. ಅಪಧಮನಿಯದು ತಿಳಿಗೆಂಪು, ಚಿಮ್ಮುತ್ತದೆ. ಹೊಟ್ಟೆಯದು ಹೀಗೆ, ಮೇವಿನ ಸಮೇತ. ಇದರಲ್ಲಿ ಅಭಿಪ್ರಾಯಕ್ಕೆ ಜಾಗವಿಲ್ಲ. ಆದರೆ ರೇನೊನ ಬಲಗೈ ಈಚೆಗೆ ನಡುಗುತ್ತಿತ್ತು. ಅದು ನನಗೆ ಗೊತ್ತಿದೆಯೆಂದು ಅವನಿಗೂ ಗೊತ್ತಿತ್ತು. ವಾದ ಬೆಳೆಸದೆ ಕೈಗವಸು ಹಾಕಿಕೊಂಡೆ. ಬೇಟೆ ಎಳೆಯಲು ತಂದಿದ್ದ ಪ್ಲಾಸ್ಟಿಕ್ ಜಾರುಬಂಡಿಯ ಹಗ್ಗವನ್ನು ಅವನು ಸೊಂಟಕ್ಕೆ ಕಟ್ಟಿಕೊಂಡ. ಜಿಂಕೆಯ ಹೆಜ್ಜೆ ಹಿಡಿದು ಹೊರಟೆವು.

ಮಿಷಿಗನ್ನಿನ ಬಡಗಣ ಕಾಡಿನಲ್ಲಿ ನವೆಂಬರ್ ಬಂತೆಂದರೆ ನಾವಿಬ್ಬರೂ ಒಟ್ಟಿಗೆ ಬೇಟೆಗೆ ಹೊರಡುವುದು ಶಾಲೆಯ ದಿನಗಳಿಂದ ಬಂದ ಅಭ್ಯಾಸ. ರೇನೊ ಮಾತಾಡುತ್ತಾನೆ, ನಾನು ಕೇಳುತ್ತೇನೆ. ವಿಷಯ ಮಾತ್ರ ಬದಲಾಗುವುದಿಲ್ಲ.

"ಕೆಟ್ಟೋಯ್ತು ಕಣೋ ಈ ದೇಶ. ಹೋದ ಭಾನುವಾರ ಚರ್ಚಿನಲ್ಲಿ ಎಷ್ಟು ಜನ ಇದ್ರು ಗೊತ್ತಾ? ಒಂದು ಹೆಣ ಹೊರೋಕೆ ಸಾಲಲ್ಲ. ನನ್ನ ಮೊಮ್ಮಗಳು, ಮದುವೇನೂ ಇಲ್ಲ ಮಣ್ಣೂ ಇಲ್ಲ, ಯಾವನ ಜೊತೆಗೋ ಸಂಸಾರ ಹೂಡಿದ್ದಾಳೆ. ಒಬ್ಬರಿಗೊಬ್ಬರು ಮಾತು ಕೊಡೋದೇ ನಿಂತೋಯ್ತು, ಇನ್ನು ಉಳಿಸ್ಕೊಳ್ಳೋದೆಲ್ಲಿ?"

"ಮಾತು ಕೊಡ್ತಿದ್ದ ಕಾಲದಲ್ಲಿ ನಿಮ್ಮ ಚಿಕ್ಕಪ್ಪ ಹೆಂಡತಿಗೆ ಸೌದೆಯಲ್ಲಿ ಬಡೀತಿದ್ದ."

"ಬಡೀತಿದ್ದ. ಬಿಟ್ಟೋಗಲಿಲ್ಲ ತಾನೇ?"

ಆಮೇಲೆ ಅವನ ಅಪ್ಪನ ಕಥೆ ಬಂತು. ಅಪ್ಪ ಗಾಯ ಮಾಡಿದ್ದ ಜಿಂಕೆಯನ್ನು ಒಮ್ಮೆ ಯಾರೋ ಅಪರಿಚಿತ ಕೆಡವಿದನಂತೆ. ಅಪ್ಪ ಎರಡೂ ಗಾಯ ನೋಡಿ, "ಕೆಡವಿದ ಗುಂಡು ನಿಂದು, ಜಿಂಕೆ ನಿಂದು," ಎಂದು ತಾನೇ ಅದನ್ನು ಅವನ ಗಾಡಿಯವರೆಗೆ ಎಳೆದುಕೊಟ್ಟನಂತೆ. ಆ ಚಳಿಗಾಲವಿಡೀ ಮನೆಯಲ್ಲಿ ಆಲೂಗಡ್ಡೆಯೇ ಊಟ. ಈ ಕಥೆ ಹೇಳುವಾಗ ರೇನೊನ ಕಣ್ಣು ಪ್ರತಿಸಲವೂ ಒದ್ದೆಯಾಗುತ್ತದೆ, ಅವತ್ತೂ ಆಯಿತು.

ಹೆಜ್ಜೆಗಳು ಒಂದು ತಂತಿಬೇಲಿ ಹಾರಿ ಆಚೆ ಹೋಗಿದ್ದವು. ಅಲ್ಲಿನ ಮರಕ್ಕೆ ಹಳದಿ ಬೋರ್ಡು ಬಡಿದಿದ್ದರು: ಒಳಗೆ ಬರಕೂಡದು. ಆ ಜಾಗವನ್ನು ಬೇಸಗೆಯಲ್ಲಿ ಕೊಂಡವನು ಕೋಲ್ಟನ್ ಎಂಬ ಯುವಕ. ದಕ್ಷಿಣದ ಪಟ್ಟಣದಿಂದ ಬಂದವನು, ಕುತ್ತಿಗೆ ತುಂಬ ಹಚ್ಚೆ, ಪೇಟೆಯ ಟೈರ್ ಅಂಗಡಿಯಲ್ಲಿ ಕೆಲಸ.

"ನೋಡು ಇದನ್ನ! ಅಪ್ಪನ ಕಾಲದಲ್ಲಿ ಇಡೀ ಕಾಡಲ್ಲಿ ಒಂದು ಬೋರ್ಡ್ ಇತ್ತಾ?" ಎಂದು ರೇನೊ ಅದಕ್ಕೆ ಉಗಿದ.

ಆಗ ಎದುರಿನಲ್ಲೇ ಗುಂಡಿನ ಸದ್ದಾಯಿತು. ರೇನೊ ಸೊಂಟದ ಹಗ್ಗ ಬಿಚ್ಚಿ ಬಂಡಿಯನ್ನು ಬೇಲಿಯ ಹತ್ತಿರವೇ ಬಿಟ್ಟು, ತಂತಿ ದಾಟಿ ಓಡಿದ. ನಾನು ಅವನ ಹಿಂದೆ.

ಕೋಲ್ಟನ್ ಜಿಂಕೆಯ ಕತ್ತಿನ ಮೇಲೆ ಮೊಣಕಾಲೂರಿ ಕುಳಿತಿದ್ದ. ಅದು ಇನ್ನೂ ಕಾಲು ಒದರುತ್ತಿತ್ತು. ಅವನು ಚಾಕು ಇಳಿಸಿ ಗಂಟಲು ಕುಯ್ದ. ಬಿಸಿ ರಕ್ತ ಹಿಮದೊಳಗೆ ಕುಳಿ ಮಾಡಿಕೊಂಡು ಇಳಿಯಿತು.

"ಏನು ತಾತಂದಿರಾ, ಬೋರ್ಡ್ ಓದೋಕೆ ಬರಲ್ವಾ?"

"ಅದು ನನ್ನ ಜಿಂಕೆ," ಎಂದ ರೇನೊ, ಏದುಸಿರಿನಲ್ಲೇ.

"ಹೌದಾ? ಹೆಸರಿಟ್ಟು ಸಾಕಿದ್ರಾ?"

"ಮೊದಲು ಹೊಡೆದೋನು ನಾನು. ಮೊದಲ ಗುಂಡು ಯಾರದೋ ಜಿಂಕೆ ಅವರದು. ಈ ಕಾಡಿನ ಕಾನೂನು ಅದು. ಸೇತುವೆ ಆಚೆ ದಕ್ಷಿಣದಿಂದ ಬಂದೋರಿಗೆ ಎಲ್ಲಿಂದ ಗೊತ್ತಾಗ್ಬೇಕು."

"ನಿಮ್ಮ ಗುಂಡು ಕರುಳಿಗೆ ಬಿದ್ದಿದೆ ತಾತ. ಪಾಪ, ಅದನ್ನೆಲ್ಲ ಎಳ್ಕೊಂಡು ಇಲ್ಲೀತನಕ ಬಂತು, ನಾನು ಮುಗಿಸಿದೆ. ಬೇಕಾದ್ರೆ ಅರ್ಧ ಮಾಂಸ ತಗೊಂಡೋಗಿ. ಬೆಳಬೆಳಗ್ಗೆ ಜಗಳ ಯಾಕೆ?"

"ನನಗೆ ಭಿಕ್ಷೆ ಹಾಕ್ತೀಯೇನೋ?" ರೇನೊ ನನ್ನತ್ತ ತಿರುಗಿದ. "ಆರ್ನೆ, ರಕ್ತದ ಪಂಡಿತ ನೀನು. ಹೇಳು ಇವನಿಗೆ."

ನಾನು ಬಗ್ಗಿ ನೋಡಿದೆ. ಹಿಂಬದಿಯ ಗಾಯದಲ್ಲಿ ಹಸಿರು ಚೂರುಗಳು. ಮುಂದಿನ ಗಾಯದಲ್ಲಿ ಗುಲಾಬಿ ನೊರೆ, ಇನ್ನೂ ಗುಳ್ಳೆ ಒಡೆಯುತ್ತಿತ್ತು. ನಾನು ತಲೆಯೆತ್ತದೆ ಹೇಳಿದೆ: "ಕೆಡವಿದ ಗುಂಡು ಇವನದು. ನಿಮ್ಮಪ್ಪನ ಲೆಕ್ಕದಲ್ಲಿ ಜಿಂಕೆ ಇವನದೇ ರೇನೊ."

ಕೋಲ್ಟನ್ ನಕ್ಕುಬಿಟ್ಟ. ಅವನು ನಗಬಾರದಿತ್ತು.

ರೇನೊ ಬಂದೂಕಿನ ಹಿಡಿಯನ್ನು ಅವನ ಮುಖಕ್ಕೆ ಬೀಸಿದ. ಮೂಗು ಮುರಿದ ಸದ್ದು ಹಸಿ ಕೊಂಬೆ ಮುರಿದಂತೆ ಕೇಳಿಸಿತು. ಕೋಲ್ಟನ್ ಕುರುಡನಂತೆ ಮುಂದಕ್ಕೆ ನುಗ್ಗಿ ರೇನೊನನ್ನು ಕೆಡವಿ, ಎದೆಯ ಮೇಲೆ ಕುಳಿತು, ಎಡಗೈಯಲ್ಲಿ ಮತ್ತೆ ಮತ್ತೆ ಗುದ್ದಿದ. ಬಲಗೈಯಲ್ಲಿ ಚಾಕು ಇತ್ತು. ನಾನು ಅವನ ಕೊರಳಪಟ್ಟಿ ಹಿಡಿದು ಜಗ್ಗುತ್ತ, "ಚಾಕು! ಚಾಕು ಬಿಡೋ!" ಎಂದು ಕಿರುಚಿದೆ. ಅವನು ಕೈಯನ್ನು ಒಮ್ಮೆ ನೋಡಿಕೊಂಡು, ಅದರಲ್ಲಿ ಏನಿದೆಯೆಂದು ಆಗಷ್ಟೇ ತಿಳಿದವನಂತೆ ಚಾಕುವನ್ನು ದೂರ ಪೊದೆಯೊಳಗೆ ಎಸೆದ. ಎದ್ದು ನಿಂತು ಬಾಯಿಗಿಳಿದ ರಕ್ತ ಉಗಿದ.

"ಮನೆಗೆ ಹೋಗಿ ತಾತ. ಬಿಸಿ ಏನಾದ್ರೂ ಕುಡಿದು ಮಲಕ್ಕೊಳ್ಳಿ."

ತಿರುಗಿ ಬಗ್ಗಿ ಜಿಂಕೆಯ ಕೊಂಬಿಗೆ ಕೈ ಹಾಕಿದ. ರೇನೊ ಮಲಗಿದ್ದಲ್ಲಿಂದಲೇ ಬಂದೂಕೆತ್ತಿ ಅವನಿಗೆ ಗುಂಡಿಟ್ಟ.

ಗುಂಡು ತೊಡೆಯ ಹಿಂದೆ ಹೊಕ್ಕು ಮುಂದೆ ಹೊರಬಿದ್ದಿತ್ತು. ಕೋಲ್ಟನ್ ಜಿಂಕೆಯ ಮೇಲೆಯೇ ಮಗುಚಿದ. ನಾನು ಅವನನ್ನು ಹೊರಳಿಸಿದಾಗ ರಕ್ತ ನನ್ನ ಗಲ್ಲಕ್ಕೆ ಹಾರಿತು. ತಿಳಿಗೆಂಪು. ಎದೆಬಡಿತಕ್ಕೊಮ್ಮೆ ಚಿಮ್ಮುತ್ತಿತ್ತು. ಬೆಲ್ಟು ಬಿಚ್ಚಿ ತೊಡೆಗೆ ಸುತ್ತಿ, ಕೊಂಬೆಯೊಂದನ್ನು ತೂರಿಸಿ ತಿರುಚಿದೆ. ಆದರೂ ನಿಲ್ಲಲಿಲ್ಲ. ಗಾಯದೊಳಕ್ಕೆ ಬೆರಳು ತುರುಕಿ, ಮೂಳೆಯ ಚೂರುಗಳ ನಡುವೆ ತಡಕಿ, ಬಡಿಯುತ್ತಿದ್ದ ಜಾಗ ಸಿಕ್ಕಿದಾಗ ಮುಷ್ಟಿಯಿಂದ ಒತ್ತಿ ಹಿಡಿದೆ. ಅವನು ಪ್ರಾಣಿಯಂತೆ ಅರಚಿದ.

"ಬಂಡಿ ತಾ ರೇನೊ! ಕೈ ತೆಗೆದ್ರೆ ಸಾಯ್ತಾನೆ. ರಸ್ತೆಗೆ ಎಳೀಬೇಕು, ಫೋನಿಗೆ ಸಿಗ್ನಲ್ ಸಿಗೋದು ಅಲ್ಲೇ."

ರೇನೊ ಎದ್ದು ನಿಂತಿದ್ದ. ಒಂದು ಕಣ್ಣು ಮುಚ್ಚಿಹೋಗಿತ್ತು. ಅವನು ಅಲುಗಲಿಲ್ಲ.

"ಚಾಕು ಹಿಡ್ಕೊಂಡು ನನ್ನ ಮೇಲೆ ಬಂದ. ನೀನು ನೋಡಿದೆ."

"ಬಂಡಿ ತಾರೋ!"

"ಮೊದಲು ಹೇಳು. ಚಾಕು ಹಿಡ್ಕೊಂಡು ಬಂದಾಗ ಹೊಡೆದೆ ಅಂತ ಪೊಲೀಸರಿಗೆ ಹೇಳ್ತೀನಿ ಅನ್ನು. ಮಾತು ಕೊಡು, ತರ್ತೀನಿ."

"ಹೇಳ್ತೀನಿ. ಆಯ್ತು, ಹೇಳ್ತೀನಿ."

"ಐಲಿ ಮೇಲೆ ಆಣೆ ಇಡು."

ಐಲಿ ನನ್ನ ಹೆಂಡತಿ. ಅವಳ ಶವಪೆಟ್ಟಿಗೆಯ ಮುಂದಿನ ಮೂಲೆಗೆ ಹೆಗಲು ಕೊಟ್ಟವನು ರೇನೊ. ನನ್ನ ಬೆರಳ ಕೆಳಗೆ ಬಡಿತ ಸಣ್ಣಗಾಗುತ್ತಿತ್ತು. ಕೋಲ್ಟನ್ ಕಣ್ಣು ಬಿಟ್ಟುಕೊಂಡೇ ಇದ್ದ, ನನ್ನನ್ನೇ ನೋಡುತ್ತಿದ್ದ.

"ಐಲಿ ಸಮಾಧಿ ಮೇಲೆ ಆಣೆ," ಎಂದೆ.

ರೇನೊ ಓಡಿದ. ಬಂಡಿ ತಂದ. ತೊಡೆಯ ಮೂಳೆ ಪುಡಿಯಾಗಿದ್ದ ಮನುಷ್ಯನನ್ನು ಇಬ್ಬರೂ ಸೇರಿ ಅದರ ಮೇಲೆ ಉರುಳಿಸಿದಾಗ ಅವನು ಎಚ್ಚರ ತಪ್ಪಿದ. ರೇನೊ ಹಗ್ಗ ಕಟ್ಟಿಕೊಂಡು ಎತ್ತಿನಂತೆ ಎಳೆದ. ಬೇಲಿಯ ತಂತಿಯನ್ನು ಕಾಲಲ್ಲಿ ತುಳಿದು ನೆಲಕ್ಕೆ ಮಲಗಿಸಿ ದಾರಿ ಮಾಡಿದ. ನಾನು ಪಕ್ಕದಲ್ಲಿ ಸೊಂಟ ಬಗ್ಗಿಸಿ, ಮುಷ್ಟಿ ಗಾಯದಲ್ಲಿಟ್ಟುಕೊಂಡೇ ನಡೆದೆ. ಬೇರುಗಳ ಮೇಲೆ ಬಂಡಿ ಎಗರಿದಾಗೆಲ್ಲ ಮೂಳೆಯ ತುದಿ ನನ್ನ ಗೆಣ್ಣಿಗೆ ಗೀರುತ್ತಿತ್ತು. ಬಂಡಿಯ ಹಿಂದೆ ಹಿಮದಲ್ಲಿ ಕೆಂಪು ಗೆರೆ ಬೀಳುತ್ತ ಬಂತು. ಎರಡು ಸಲ ಬಿದ್ದ ರೇನೊ, ಎರಡು ಸಲವೂ ಎದ್ದ. ದಾರಿಯುದ್ದಕ್ಕೂ ಅವನು ಪ್ರಾರ್ಥನೆ ಹೇಳಿಕೊಳ್ಳುತ್ತಿದ್ದ. ಅದು ನಾಟಕವಾಗಿರಲಿಲ್ಲ. ಆ ಹುಡುಗ ಬದುಕಬೇಕೆಂದು ಅವನಿಗೆ ನಿಜವಾಗಿಯೂ ಇತ್ತು.

ರಸ್ತೆಗೆ ತಲುಪಿ ಫೋನು ಮಾಡಿದವನೂ ಅವನೇ. ಆ್ಯಂಬುಲೆನ್ಸಿನ ಜೊತೆಗೇ ಶೆರಿಫ್ ಕಚೇರಿಯ ಪೊಲೀಸ್ ಅಧಿಕಾರಿ ಹೈಕ್ಕಿನೆನ್ ಬಂದಳು. ಚಿಕ್ಕವಳಿದ್ದಾಗ ರೇನೊ ಚರ್ಚಿನಲ್ಲಿ ನಡೆಸುತ್ತಿದ್ದ ಭಾನುವಾರದ ತರಗತಿಯಲ್ಲಿ ಬೈಬಲ್ಲಿನ ಹತ್ತು ಆಜ್ಞೆಗಳನ್ನು ಬಾಯಿಪಾಠ ಮಾಡಿದವಳು. ಆ್ಯಂಬುಲೆನ್ಸಿನವನು ನನ್ನ ಮುಷ್ಟಿ ನೋಡಿ, "ಯಜಮಾನ್ರೇ, ದಯವಿಟ್ಟು ಆ ಕೈ ಅಲ್ಲಾಡಿಸ್ಬೇಡಿ, ನಮ್ಮ ಜೊತೆಗೇ ಹತ್ತಿ," ಎಂದ.

"ಏನಾಯ್ತು ರೇನೊ ಮಾವ?" ಎಂದಳು ಹೈಕ್ಕಿನೆನ್.

"ಚಾಕು ಹಿಡ್ಕೊಂಡು ಮೇಲೆ ಬಂದ ಕಣಮ್ಮಾ. ಆರ್ನೆ ಕಣ್ಣಾರೆ ನೋಡಿದ್ದಾನೆ, ಕೇಳು."

ಅವನ ಊದಿದ ಮುಖದಲ್ಲಿ ಭಯದ ಸುಳಿವಿರಲಿಲ್ಲ. ನನ್ನ ಮಾತಿನ ಮೇಲೆ ಅವನಿಗೆ ಅಷ್ಟು ಭರವಸೆ.

"ಇವನು ಚಾಕು ಬಿಸಾಡಿದ್ದ," ಎಂದೆ. "ಬೆನ್ನು ತಿರುಗಿಸಿ ಬಗ್ಗಿದ್ದ. ರೇನೊ ಹಿಂದಿನಿಂದ ಹೊಡೆದ."

ಬಂಡಿಯ ಪಕ್ಕ ಮಂಡಿಯೂರಿದ್ದ ನನ್ನ ಹತ್ತಿರಕ್ಕೆ ರೇನೊ ಬಂದ.

"ಐಲಿ ಮೇಲೆ ಆಣೆ ಇಟ್ಟೆಯಲ್ಲೋ," ಎಂದ ರೇನೊ, ಮೆಲ್ಲಗೆ. ಆಮೇಲೆ ಅವನ ಬೂಟು ನನ್ನ ದವಡೆಗೆ ಬಿತ್ತು. ಬಾಯಲ್ಲಿ ಹಲ್ಲು ಸಡಿಲಿದ್ದು ತಿಳಿಯಿತು. ಇನ್ನೊಂದು ಏಟು ಕಿವಿಗೆ. ನಾನು ಮುಷ್ಟಿ ತೆಗೆಯಲಿಲ್ಲ. ಹೈಕ್ಕಿನೆನ್ ಅವನ ತೋಳು ತಿರುಚಿ ಕಾರಿನ ಮೂತಿಗೆ ಒತ್ತಿದಳು. ಲೋಹಕ್ಕೆ ಅಂಟಿದ ಅವನ ಬಾಯಿ ಕೂಗುತ್ತಲೇ ಇತ್ತು: "ನಾನು ಬಂಡಿ ಎಳೆದೆ! ನನ್ನ ಮಾತು ನಾನು ಉಳಿಸ್ಕೊಂಡೆ! ಕೇಳಮ್ಮಾ ಅವನನ್ನ, ನಾನು ಎಳೆದೆನೋ ಇಲ್ವೋ! ಇನ್ನೇನು ಉಳೀತು ಈ ದೇಶದಲ್ಲಿ?"

ಎಳೆದದ್ದು ನಿಜ. ಹೈಕ್ಕಿನೆನ್‌ಗೆ ಅದನ್ನೂ ಹೇಳಿದೆ, ಹಲ್ಲು ಉಗಿದಾದ ಮೇಲೆ.

ಆಸ್ಪತ್ರೆಯಲ್ಲಿ ಕೋಲ್ಟನ್‌ನ ಜೀವ ಉಳಿಸಿದರು, ಕಾಲು ಉಳಿಸಲಾಗಲಿಲ್ಲ. ರೇನೊ ಈಗ ಜೈಲಿನಿಂದ ಎಲ್ಲರಿಗೂ ಕಾಗದ ಬರೆಯುತ್ತಾನೆ, ನನಗೊಬ್ಬನಿಗೆ ಬಿಟ್ಟು. ಅವನ ಕಡೆಯಿಂದ ನೋಡಿದರೆ ಅದೂ ಸರಿಯೇ ಇರಬಹುದು. ನಾನು ಎಷ್ಟೋ ಸಲ ಹಾಗೆ ನೋಡಿದ್ದೇನೆ.

ಅವತ್ತು ಆ್ಯಂಬುಲೆನ್ಸ್ ಹೊರಟ ಮೇಲೆ ಕೋಲ್ಟನ್‌ಗೆ ಎಚ್ಚರವಾಯಿತು. ತುಟಿ ಬೂದಿ ಬಣ್ಣಕ್ಕೆ ತಿರುಗಿತ್ತು. ಏನೋ ಹೇಳಲು ಹೊರಟ. ಸುಮ್ಮನಿರೆಂದರೂ ಕೇಳಲಿಲ್ಲ.

"ಅಲ್ಲಿ... ನೀವು ಆಣೆ ಇಟ್ರಲ್ಲ," ಎಂದ. "ನಾನು ನಂಬಿಬಿಟ್ಟಿದ್ದೆ."

"ನಾನೂ," ಎಂದೆ.

ಆ್ಯಂಬುಲೆನ್ಸ್ ಏರುತಗ್ಗಿನಲ್ಲಿ ಕುಲುಕಿತು. ನಾನು ಮುಷ್ಟಿಯನ್ನು ಇನ್ನಷ್ಟು ಒಳಕ್ಕೆ ಒತ್ತಿದೆ. ಅವನು ನನ್ನನ್ನು ಬಾಯಿಗೆ ಬಂದಂತೆ ಬೈದ.