ಮೂರನೇ ಗುಂಪು

"ಬಡಿಸೋನು ನಮ್ಮೋನಾದ್ರೆ ಎಲ್ಲಿ ಕೂತ್ರೇನು, ಅಲ್ವೇನಯ್ಯಾ?" ಯಾರ್ಕೊ ಕಾಫಿ ಊದುತ್ತ ಹೇಳಿದ. ಕಟಕಟೆಗೆ ಒರಗಿ ಅಭ್ಯಾಸ ನೋಡುತ್ತಿದ್ದ ಉಳಿದ ಅಪ್ಪಂದಿರು ನಕ್ಕರು. ಮಂಜುಗಡ್ಡೆಯ ಮೇಲೆ ಕೋಚ್ ಇಲ್ಪೊನ ಮಗಳು ಹಿಲ್ಲ ತಿರುಗುವಾಗ ಮತ್ತೊಮ್ಮೆ ಮುಗ್ಗರಿಸಿದ್ದಳು.

ಈ ಐಸ್ ಹಾಕಿ ತಂಡ ಕಟ್ಟಿದವನೇ ಇಲ್ಪೊ. ಈ ಮಕ್ಕಳು ಆರೇಳು ವರ್ಷದವರಿದ್ದಾಗ ಶಾಲೆಯ ಹಿಂದಿನ ಬಯಲಿಗೆ ನೀರು ಬಿಟ್ಟು, ಹೆಪ್ಪುಗಟ್ಟಿಸಿ, ಒಬ್ಬೊಬ್ಬರ ಕೈ ಹಿಡಿದು ಜಾರುವುದು ಕಲಿಸಿದ್ದ. ಆಗಲೇ ಒಂದು ಕಟ್ಟಳೆಯನ್ನೂ ಮಾಡಿದ್ದ. ಐದೈದು ಮಕ್ಕಳ ಮೂರು ಗುಂಪು, ಅವನು "ಬದಲು!" ಎಂದು ಕೂಗಿದರೆ ಒಂದು ಹೊರಗೆ, ಇನ್ನೊಂದು ಒಳಗೆ. ಗೆಲ್ಲಲಿ, ಸೋಲಲಿ, ಎಲ್ಲರಿಗೂ ಸಮಪಾಲು ಆಟ. ಆ ಸಣ್ಣ ಊರಿನಲ್ಲಿ ನಾಲ್ಕು ಮಕ್ಕಳು ಮುನಿಸಿಕೊಂಡು ಬಿಟ್ಟರೆ ತಂಡವೇ ಇರುತ್ತಿರಲಿಲ್ಲ. ಈಗ ಮಕ್ಕಳು ಬೆಳೆದಿದ್ದರು, ಅಪ್ಪಂದಿರ ಆಸೆಯೂ ಬೆಳೆದಿತ್ತು. ಔಲು ನಗರದ ಪಂದ್ಯಾವಳಿ ಗೆಲ್ಲಲೇಬೇಕಂತೆ.

"ಸಮಪಾಲಂತೆ! ಮಗಳನ್ನ ಆಡ್ಸೋಕೆ ಮಾಡ್ಕೊಂಡಿರೋ ಕಾನೂನು ಅದು," ಎಂದ ಯಾರ್ಕೊ. ಅವನ ಮಗ ಮೊದಲ ಗುಂಪಿನ ಹುಲಿ, ಹಿಲ್ಲ ಮೂರನೇ ಗುಂಪಿನವಳು.

ಅದು ಕಿವಿಗೆ ಬಿದ್ದು ಇಲ್ಪೊನ ಮೈ ಉರಿಯಿತು. "ಹಾಗಾದ್ರೆ ಕೇಳಿ. ಔಲುನಲ್ಲಿ ಹಿಲ್ಲ ಆಡಲ್ಲ. ಅವಳ ಜಾಗಕ್ಕೆ ಪಕ್ಕದೂರಿನ ಹುಡುಗ ಎಲ್ಮೆರಿನ ಕರೀತೀನಿ. ಕಟ್ಟಳೆ ಮಾತ್ರ ಹಾಗೇ ಇರತ್ತೆ. ಈಗಾದ್ರೂ ಬಾಯಿ ಮುಚ್ತೀರಾ?"

ಮುಚ್ಚಿದರು. ಮನೆಯವರೆಗೂ ಅವನಿಗೆ ಗೆದ್ದಂತೆಯೇ ಅನಿಸಿತ್ತು.

ಊಟಕ್ಕೆ ಬಟಾಣಿ ಸಾರು. "ನಾನು ಚೆನ್ನಾಗಿ ಆಡಲ್ಲ ಅಂತಾನಾ ಅಪ್ಪಾ?" ಹಿಲ್ಲ ಕೇಳಿದಳು.

"ಹಾಗಲ್ಲ ಪುಟ್ಟಿ. ಅವರ ಬಾಯಿ ಮುಚ್ಚಿಸ್ಬೇಕಿತ್ತು."

"ಅದಕ್ಕೆ ನಾನೇ ಬೇಕಿತ್ತಾ?"

ಅವಳು ಬಟ್ಟಲು ಖಾಲಿ ಮಾಡಿ, ತೊಳೆದಿಟ್ಟು ಹೋದಳು. ಅತ್ತಿದ್ದರೆ ಸಮಾಧಾನವನ್ನಾದರೂ ಹೇಳಬಹುದಿತ್ತು. ಮರುದಿನ ತಾನೇ ಬಂದು, "ನಾನೂ ಬಸ್ಸಲ್ಲಿ ಬರ್ತೀನಿ. ಗುಂಪು ಬದಲಾಗುವಾಗ ಬೆಂಚಿನ ಬಾಗಿಲು ತೆಗೆಯೋಕೆ ಯಾರಾದ್ರೂ ಬೇಕಲ್ಲ," ಎಂದಳು.

ಔಲುವಿನ ಕೊನೆಯ ಪಂದ್ಯ ಸಮಸಮವಾಗಿ ನಿಂತಿತ್ತು. ಮುಗಿಯಲು ಸ್ವಲ್ಪವೇ ಹೊತ್ತಿತ್ತು. ಬೆಂಚಿನ ಹಿಂದಿನಿಂದ ಯಾರ್ಕೊ ಬಗ್ಗಿ, ಈ ಸಲ ಮೆತ್ತಗೆ ಹೇಳಿದ: "ಇನ್ನು ಮೊದಲನೇ ಗುಂಪನ್ನ ಈಚೆಗೆ ಕರೀಬೇಡ ಕಣೋ. ಹೇಗೂ ನಿನ್ನ ಮಗಳಿಲ್ಲವಲ್ಲ, ಇನ್ಯಾರಿಗೋಸ್ಕರ ಆ ಕಟ್ಟಳೆ?"

ಇಲ್ಪೊ ಬೈಯಲು ಬಾಯಿ ತೆರೆದ. ಅಷ್ಟರಲ್ಲಿ ಯಾರ್ಕೊನ ಮಗ ಹೊಡೆದ ಪಕ್ ಬಿಲ್ಲೆ ಗೋಲಿನ ಕಂಬಕ್ಕೆ ಬಡಿದು ಠಣ್ ಎಂದಿತು. ಇನ್ನೊಂದೇ ಹೊಡೆತ. ಗೆಲುವಿನ ಆಸೆ ಇಲ್ಪೊನನ್ನೂ ಬಿಟ್ಟಿರಲಿಲ್ಲ.

ಎರಡನೇ ಗುಂಪು ಆಗಲೇ ಆಡಿ ಬಂದಿತ್ತು, ಈಗ ಸರದಿ ಮೂರನೇ ಗುಂಪಿನದು. ಐವರೂ ಹೆಲ್ಮೆಟ್ ಬಿಗಿದು ಎದ್ದು ನಿಂತಿದ್ದರು, ಎಲ್ಲರಿಗಿಂತ ಮುಂದೆ ಎಲ್ಮೆರಿ. ಹಿಲ್ಲ ಬಾಗಿಲಿನ ಅಗುಳಿ ಹಿಡಿದು ಅಪ್ಪನ ಬಾಯನ್ನೇ ನೋಡುತ್ತಿದ್ದಳು. ಇಲ್ಪೊ ಅವಳ ಕಡೆ ತಿರುಗಲಿಲ್ಲ, "ಬದಲು!" ಎಂದು ಕೂಗಲೂ ಇಲ್ಲ.

ಸ್ವಲ್ಪ ಹೊತ್ತು ನೋಡಿ ಹಿಲ್ಲ ಅಗುಳಿಯಿಂದ ಕೈ ತೆಗೆದಳು. ಬೆಂಚಿನ ತುದಿಯಲ್ಲಿ ಕೂತು ಪಕ್ಕಕ್ಕೆ ಸರಿದು, ಎಲ್ಮೆರಿಗೂ ಜಾಗ ಮಾಡಿಕೊಟ್ಟಳು.